ಕೊಟ್ರಪ್ಪನವರ ತಂಪಿನ ಕರಾರು

ಫ್ರಿಜ್ಜಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಲ್ಲುವ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ. ಕೊಟ್ಟೂರಿನ ಮೆಕ್ಯಾನಿಕ್ ಕೊಟ್ರಪ್ಪ. ಒಂದು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಮೋಟರಿನ ಸದ್ದು ಕೇಳುತ್ತಿದ್ದರು. ನರ್ಸುಗಳು ಮುಸಿಮುಸಿ ನಗುತ್ತಿದ್ದರು.

"ನಗ್ರಿ ನಗ್ರಿ. ಡಾಕ್ಟ್ರು ಎದಿಗೆ ಟೆಥಸ್ಕೋಪ್ ಹಚ್ಚಿದ್ರ ನಗಂಗಿಲ್ಲ, ನಾ ಕಿವಿ ಹಚ್ಚಿದ್ರ ನಗ್ತೀರಿ!"

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಔಷಧಿ ಸ್ಟೋರು ನೋಡಿಕೊಳ್ಳುತ್ತಿದ್ದೆ. ಲಸಿಕೆ, ಹಾವು ಕಡಿತದ ಇಂಜೆಕ್ಷನ್ನು ಎಲ್ಲ ಇದ್ದದ್ದು ಒಂದೇ ಫ್ರಿಜ್ಜಿನಲ್ಲಿ. ಉಳಿದ ಮೆಕ್ಯಾನಿಕ್‌ಗಳು ರಿಪೇರಿಗೆ ಇಷ್ಟು ಎನ್ನುತ್ತಿದ್ದರು. ಮಷೀನು ಹೆಚ್ಚು ಕೆಟ್ಟಷ್ಟೂ ಅವರಿಗೇ ಲಾಭ. ಕೊಟ್ರಪ್ಪನವರದು ಬೇರೆ. "ರಿಪೇರಿಗೆ ರೊಕ್ಕ ಬ್ಯಾಡ್ರಿ ಸರ. ತಿಂಗಳೆಲ್ಲಾ ಔಷಧಿ ತಂಪಿದ್ರ ಕೊಡ್ರಿ. ಒಂದು ದಿನ ಬಿಸಿ ಆದ್ರೂ ಆ ತಿಂಗಳದ್ದು ಬಿಡ್ರಿ."

"ತಂಪಿತ್ತೋ ಇಲ್ಲೋ ಹೇಳೋರು ಯಾರಪಾ?" ಎಂದು ಡಾಕ್ಟರು ಕೇಳಿದಾಗ, ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ನನ್ನ ಕಡೆ ಕೈ ತೋರಿಸಿದರು. "ದಿನಾ ಡಿಗ್ರಿ ನೋಡಿ ಇವ್ರು ಬರೀಲಿ. ಇವ್ರು ಬರ್ದಿದ್ದ ಖರೆ."

ನಾನೆಂಥವನೆಂದು ಅವರಿಗೇನು ಗೊತ್ತು? ಶನಿವಾರ ಸಂಜೆ ಕೂತು ಇಡೀ ವಾರದ್ದನ್ನು ಒಂದೇ ಉಸಿರಿಗೆ ಬರೆಯುತ್ತಿದ್ದೆ: ನಾಲ್ಕು, ಐದು, ನಾಲ್ಕು, ಐದು. ಹೇಗೂ ತಂಪಿರುತ್ತಿತ್ತು. ಕೊಟ್ರಪ್ಪ ಕರೆಯದಿದ್ದರೂ ಹದಿನೈದು ದಿನಕ್ಕೊಮ್ಮೆ ಬಂದು ಫ್ರಿಜ್ಜಿನ ಹಿಂಬದಿಯ ಧೂಳು ಒರೆಸಿ, ಬಾಗಿಲಿನ ರಬ್ಬರು ಸವರಿ ನೋಡುತ್ತಿದ್ದರು. ಚಹಾ ಅಂದರೆ, "ಚಾ ಕುಡೀಬೇಕಂದ್ರ ಕುಂದ್ರಬೇಕು, ಕುಂತ್ರ ಹಡಗಲಿ ಬಸ್ ಹೋಗ್ತೈತಿ," ಎಂದು ಓಡುತ್ತಿದ್ದರು.

ಒಂದು ಬೇಸಿಗೆಯ ಶನಿವಾರ, ನೆಂಟರ ಮದುವೆಗೆ ಹೊರಡುವ ಆತುರದಲ್ಲಿ ಹೊಸ ಡಬ್ಬಗಳನ್ನು ಫ್ರಿಜ್ಜಿಗೆ ತುರುಕಿ, ಹಾಳೆಯನ್ನೂ ಬರೆಯದೆ ಸ್ಟೋರಿಗೆ ಬೀಗ ಹಾಕಿದೆ. ಸೋಮವಾರ ನೋಡಿದರೆ ಒಂದು ಡಬ್ಬದ ಮೂಲೆ ಅಡ್ಡ ಬಂದು ಬಾಗಿಲು ತೆರೆದೇ ಇತ್ತು. ಒಳಗೆಲ್ಲ ಬೆಚ್ಚಗಾಗಿತ್ತು. ಎಂಟು ಡಿಗ್ರಿ ದಾಟಿದರೆ ಆ ಔಷಧಿ ಕೆಟ್ಟಂತೆಯೇ.

ಡಬ್ಬ ಸರಿಸಿ ಬಾಗಿಲು ಹಾಕಿದೆ. ಹಾಳೆಯಲ್ಲಿ ಬುಧವಾರದವರೆಗೆ ನಾಲ್ಕು, ಐದು ಎಂದು ತುಂಬಿದೆ. ಗುರುವಾರ ಒಂಬತ್ತು, ಶುಕ್ರವಾರ ಹನ್ನೆರಡು, ಶನಿವಾರ ಹದಿನೈದು. ಮಷೀನೇ ಕೆಡುತ್ತಾ ಬಂದಿತ್ತು ಎಂದು ಕಾಣಬೇಕಲ್ಲ. ಆಮೇಲೆ ಡಾಕ್ಟರನ್ನು ಕರೆದೆ.

"ಮೂರು ದಿನ ಯಾಕ ಬಾಯಿ ಬಿಡ್ಲಿಲ್ಲ?" ಎಂದು ಅವರು ನನ್ನನ್ನು ಬೈದು, ಔಷಧಿಯನ್ನೆಲ್ಲ ಎಸೆಯಲು ಹೇಳಿ, ಕೊಟ್ರಪ್ಪನವರನ್ನು ಕರೆಸಿದರು. ಅವರು ಕಿವಿ ಹಚ್ಚಿದರು. ಮತ್ತೊಮ್ಮೆ ಹಚ್ಚಿದರು. ಮಷೀನನ್ನು ಪೂರ್ತಿ ಬಿಚ್ಚಿದರು. "ಎಲ್ಲಾ ಸರಿ ಐತಲ್ರಿ..." ಎನ್ನುತ್ತ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

"ಇವ್ರು ಬರ್ದಾರಂದ್ರ ಆಗೇತಿ ಸರ. ಈ ತಿಂಗಳದ್ದು ಬ್ಯಾಡ," ಎಂದು ಹೊರಟರು. ಮುಂದೆ ಅವರು ನಮ್ಮ ಆಸ್ಪತ್ರೆಗೆ ಬರಲಿಲ್ಲ.

ಎರಡು ವರ್ಷದ ಮೇಲೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅದೇ ಕೊನೆಯ ಭೇಟಿ. ಕಾನಹೊಸಹಳ್ಳಿಯ ಅಂಗಡಿಗಳ ಫ್ರಿಜ್ಜುಗಳನ್ನಷ್ಟೇ ಈಗ ನೋಡುತ್ತಿದ್ದರಂತೆ.

"ಹಡಗಲಿ, ಹರಪನಹಳ್ಳಿ, ಎಲ್ಲಾ ಆಸ್ಪತ್ರಿ ಬಿಟ್ಟೆ ನೋಡ್ರಿ. ಮೂರು ದಿನ ಕೆಟ್ಟ ಮಷೀನಿನ್ಯಾಗ ನನಗ ತಪ್ಪು ಸಿಗಲಿಲ್ಲ ಅಂದ್ರ, ನನಗ ಕೆಲಸ ಬರಂಗಿಲ್ಲ ಅಂತಾತು. ಹಾವು ಕಡ್ದೋರಿಗೆ ಆ ಔಷಧಿ ಕೊಟ್ಟಿದ್ರ ಏನು ಗತಿ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನಿಂದ ನೀವು ಡಾಕ್ಟ್ರ ಕೈಲಿ ಬೈಸ್ಕೊಂಡ್ರಿ. ತಪ್ಪಾತು."

ನನ್ನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಹೇಳಲು ಅರ್ಧ ನಿಮಿಷ ಸಾಕಾಗಿತ್ತು.

"ಇರ್ಲಿ ಬಿಡ್ರಿ ಕೊಟ್ರಪ್ಪಾರ," ಎಂದೆ. "ನಾನೇನೂ ಮನಸಿಗೆ ಹಚ್ಕೊಂಡಿಲ್ಲ."