ಅಡ್ಡಿಲ್ಲ ಎಂದರೆ ಎಷ್ಟು?

ನಮ್ಮ ಉಡುಪಿ ಕಡೆಯವರನ್ನು ಹೇಗಿದ್ದೀರಿ ಎಂದು ಕೇಳಿ ನೋಡಿ. ಜ್ವರ ನೂರಮೂರಿರಲಿ, ಸೊಂಟ ಮುರಿದಿರಲಿ, ಬರುವ ಉತ್ತರ ಒಂದೇ: ‘ಅಡ್ಡಿಲ್ಲ.’ ಈ ಒಂದು ಮಾತಿನೊಡನೆ ಇಪ್ಪತ್ತು ವರ್ಷ ಜಗಳವಾಡಿದವರು ನಮ್ಮ ನಳಿನಕ್ಕ.

ಪೂರ್ತಿ ಹೆಸರು ನಳಿನಾಕ್ಷಿ. ಕಾಮೋಠೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಆಪರೇಷನ್ ಆಗಿ ಮನೆಗೆ ಹೋದವರಿಗೆ, ಅದರಲ್ಲೂ ಇಲ್ಲಿ ಬಂದು ನೆಲೆಸಿದ ನಮ್ಮ ಕಡೆಯವರಿಗೆ, ಫೋನ್ ಮಾಡಿ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿ ಬರೆದಿಡುವುದು ಅವರ ಕೆಲಸ. ಮೊದಮೊದಲು ಅಡ್ಡಿಲ್ಲ ಎಂದವರಿಗೆಲ್ಲ ಎರಡು ಎಂದು ಬರೆಯುತ್ತಿದ್ದರಂತೆ. ಡೊಂಬಿವಲಿಯ ಶ್ರೀಮತಿಯಮ್ಮ ಎಂಬವರಿಗೂ ಎರಡೇ ಬರೆದರು. ಮಾರನೇ ದಿನ ಆ ಹೆಂಗಸನ್ನು ಎತ್ತಿಕೊಂಡು ತಂದರು. ಹೊಲಿಗೆಯೆಲ್ಲ ಕೀವಾಗಿ ಮೈ ಸುಡುತ್ತಿತ್ತು. ಜೀವವೇನೋ ಉಳಿಯಿತು, ಆದರೆ ಆ ಎರಡನ್ನು ನಳಿನಕ್ಕ ಇವತ್ತಿಗೂ ಮರೆತಿಲ್ಲ.

ಅಲ್ಲಿಂದ ಅಂಕಿ ಕೇಳುವುದನ್ನೇ ಬಿಟ್ಟರು. ಗಂಡಸರಾದರೆ ಸ್ಟೇಷನ್ನಿನ ಬ್ರಿಡ್ಜ್ ಹತ್ತಿದಿರಾ ಎಂದು ಕೇಳುವರು, ಹೆಂಗಸರಾದರೆ ತಲೆ ಬಾಚಿಕೊಂಡಿರಾ ಎಂದು. ನನ್ನ ಹರ್ನಿಯಾ ಆಪರೇಷನ್ ಆದ ವಾರಕ್ಕೆ ವಾಶಿಯ ನನ್ನ ಹೋಟೆಲಿನ ಗಲ್ಲಾದ ಫೋನಿಗೇ ಕರೆ ಬಂತು. ಮಲಗಿಕೊಂಡೇ ಇದ್ದೇನೆ ಎಂದೆ. ‘ಪ್ರೇಮನಾಥರೇ, ಹಿಂದೆ ದೋ ಮಸಾಲಾ ಅಂತ ಕೂಗಿದ್ದು ಯಾರು ಮಾರಾಯ್ರೆ, ನಿಮ್ಮ ತಲೆದಿಂಬಾ?’ ಎಂದು ಝಾಡಿಸಿದರು. ಆ ಬೈಗುಳ ನೆನೆದರೆ ಈಗ ಎದೆ ತುಂಬಿ ಬರುತ್ತದೆ. ಗಲ್ಲಾದ ಮೇಲೆ ಆ ಫೋನೂ ಇಲ್ಲ, ನಳಿನಕ್ಕ ರಿಟೈರಾದ ಮೇಲೆ ಆಸ್ಪತ್ರೆಯಿಂದ ಹಾಗೆ ಕರೆ ಮಾಡಿ ಬೈಯುವವರೂ ಇಲ್ಲ.

ತಲೆ ಬಾಚುವ ಪ್ರಶ್ನೆಯಿಂದ ದೊಡ್ಡ ಕೆಲಸವೇ ಆಯಿತು. ಪಿತ್ತಕೋಶದ ಕಲ್ಲಿಗೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು, ಭುಜ ನೋವು, ಕೈ ಎತ್ತಲಾಗುವುದಿಲ್ಲ ಎಂದರು. ಕೊಯ್ದದ್ದು ಹೊಟ್ಟೆ, ನೋಯುವುದು ಭುಜ! ನಳಿನಕ್ಕ ತಮ್ಮ ಪುಸ್ತಕ ಹಿಡಿದು ಸರ್ಜನ್ ಸುದರ್ಶನರ ಮುಂದೆ ನಿಂತರು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸ್ ಒಳಗೆ ಉಳಿದರೆ ಭುಜ ನೋಯುತ್ತದೆ ಎಂದು ಡಾಕ್ಟರಿಗೆ ಗೊತ್ತಿತ್ತು. ಇಷ್ಟು ಜನಕ್ಕೆ ನೋಯುತ್ತಿದೆ ಎಂದು ಗೊತ್ತಿರಲಿಲ್ಲ, ಅವರೆದುರು ಎಲ್ಲರೂ ಅಡ್ಡಿಲ್ಲ ಎಂದವರೇ. ಮುಂದೆ ಹೊಲಿಗೆ ಹಾಕುವ ಮೊದಲು ಗ್ಯಾಸನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಗೆ ಬಿಡತೊಡಗಿದರು. ನಾಲ್ಕನೇ ದಿನ ಬಾಚುತ್ತಿದ್ದವರು ಎರಡನೇ ದಿನಕ್ಕೇ ಜಡೆ ಹಾಕಿದರು.

ಕಳೆದ ಡಿಸೆಂಬರಿನಲ್ಲಿ, ರಿಟೈರಾದ ನಳಿನಕ್ಕನಿಗೇ ಅದೇ ಪಿತ್ತಕೋಶದ ಆಪರೇಷನ್ ಆಯಿತು. ಈಗ ಫೋನ್ ಮಾಡಿ ಕೇಳುವವರಿಲ್ಲ. ಆಸ್ಪತ್ರೆಯಿಂದ ಮೊಬೈಲಿಗೆ ಐದು ಮುಖಗಳ ಚಿತ್ರ ಬರುತ್ತದೆ, ಅಳುವ ಮುಖದಿಂದ ನಗುವ ಮುಖದವರೆಗೆ. ಒಂದನ್ನು ಒತ್ತಿದರೆ ಮುಗಿಯಿತು. ಕರ್ಮ! ನಾಲ್ಕನೇ ದಿನ ನಾನು ಕರೆ ಮಾಡಿದಾಗ ಮಗಳು ಪ್ರಣೀತಾ ಎತ್ತಿದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಮ್ಮ ನಗುವ ಮುಖವನ್ನೇ ಒತ್ತಿದ್ದಾಳೆ ಎಂದಳು.

‘ಸಬ್ ಠೀಕ್ ಹೈ ಅಂಕಲ್. ಮಮ್ಮಿ ಅಡ್ಡಿಲ್ಲ ಬೋಲ್ ರಹೀ ಹೈ.’

ಅಡ್ಡಿಲ್ಲವಂತೆ! ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಲ್ಲಾದಲ್ಲಿ ಹೆಂಡತಿ ಜಯಲತಾಳನ್ನು ಕೂರಿಸಿ ಪನ್ವೇಲ್ ಲೋಕಲ್ ರೈಲು ಹಿಡಿದು ಅವರ ಮನೆಗೆ ಹೋದೆ.

ನಳಿನಕ್ಕ ಸೋಫಾಕ್ಕೆ ಒರಗಿದ್ದರು. ಒಂದು ಕೂದಲೂ ಹೊರಗೆ ಬಾರದ ಹಾಗೆ ತುರುಬು ಕಟ್ಟಿ ಡ್ಯೂಟಿಗೆ ಹೋಗುತ್ತಿದ್ದ ಹೆಂಗಸು. ಆ ಕೂದಲು ಗಂಟುಗಟ್ಟಿ ಹೆಗಲ ಮೇಲೆ ಬಿದ್ದಿತ್ತು. ಹೇಗಿದ್ದೀರಿ ಎಂದು ನಾನು ಕೇಳಲೇ ಇಲ್ಲ.

‘ನಳಿನಕ್ಕ, ತಲೆ ಬಾಚಿಕೊಂಡಿರಾ?’

ಅವರ ಕಣ್ಣು ತುಂಬಿತು.

‘ಆಗುದಿಲ್ಲ ಮಾರಾಯ್ರೆ.’

ಆಸ್ಪತ್ರೆಗೆ ಕರೆದೊಯ್ಯುವಾಗ ರಿಕ್ಷಾದಲ್ಲಿ ಕೈ ಹಿಡಿದರೆ ಸುಡುತ್ತಿತ್ತು. ಒಳಗೆ ಪಿತ್ತ ಸೋರುತ್ತಿತ್ತಂತೆ. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಬದುಕಿಕೊಂಡರು. ಈಗ ಮೊದಲಿನ ಹಾಗೇ ಬಿಗಿಯಾದ ತುರುಬು.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ದಿನ ಆಸ್ಪತ್ರೆಗೆ ಸೇರಿಸಿಕೊಂಡ ಗಳಿಗೆ. ಕಾರ್ಕಳದ ಊರ್ಮಿಳಾ ಎಂಬ ಎಳೆಯ ನರ್ಸ್ ಪೆನ್ನು ಹಿಡಿದು, ನೋವು ಹತ್ತರಲ್ಲಿ ಎಷ್ಟು ಆಂಟಿ ಎಂದು ಕೇಳಿದಳು. ನಳಿನಕ್ಕನ ಬಾಯಿಂದ ಅಭ್ಯಾಸಬಲದಿಂದ ‘ಅಡ್ಡಿ’ ಎಂಬಷ್ಟು ಹೊರಟೇಬಿಟ್ಟಿತ್ತು. ತಡೆದುಕೊಂಡು ಅವಳ ಕೈ ಹಿಡಿದರು.

‘ಒಂಬತ್ತು. ನಾನು ಅಡ್ಡಿಲ್ಲ ಅಂದ್ರೂ ಎರಡು ಅಂತ ಬರೀಬೇಡ ಮಗಾ.’