ತಲೆಕೆಳಗಾದ ಏಣಿ

ನನ್ನ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವ ಪಾಡು ನನ್ನ ಶತ್ರುವಿಗೂ ಬೇಡ. ಗೇರು ಬದಲಿಸಿದರೆ ಅವಸರ ಮಾಡಿದೆ ಅನ್ನುತ್ತಾನೆ, ಬದಲಿಸದಿದ್ದರೆ ಇಂಜಿನ್ ನರಳುತ್ತಿದೆ ಅನ್ನುತ್ತಾನೆ. ಅವನಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದು ಬೇರೆ ಮಾತು. ಹಿಂದಕ್ಕೆ ತೆಗೆದು ನಿಲ್ಲಿಸುವಾಗಲಂತೂ ಅರ್ಧ ಮೈ ಕಿಟಕಿಯಿಂದಾಚೆ ಹಾಕಿ, ಬಲಕ್ಕೆ, ಇನ್ನೂ ಬಲಕ್ಕೆ, ಅಯ್ಯೋ ಅಷ್ಟಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಪಾಠ ಹೇಳುತ್ತಾನೆ. ಅಂಥವನನ್ನು ಕೂರಿಸಿಕೊಂಡು ಈ ಊರಿನ ಹಾಬಿ ಅಂಗಡಿಗಳನ್ನೆಲ್ಲ ನಾನು ರಜೆ ಬಂದಾಗಲೆಲ್ಲ ಸುತ್ತಿದ್ದೇನೆ.

ಅಣ್ಣನ ಕಸುಬು ತೂಕದ ಯಂತ್ರಗಳನ್ನು ಸರಿಪಡಿಸುವುದು. ದಿನಸಿ ಅಂಗಡಿ, ಗೋದಾಮು, ಆಸ್ಪತ್ರೆ, ಎಲ್ಲಿ ಮುಳ್ಳು ಒಂದಿಷ್ಟು ಆಚೀಚೆ ಆದರೂ ಅವನಿಗೇ ಕರೆ ಬರುತ್ತದೆ. ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಪುಟ್ಟ ಪುಟ್ಟ ತೂಕದ ಕಲ್ಲುಗಳನ್ನಿಟ್ಟುಕೊಂಡು ಹೋಗುತ್ತಾನೆ. ಅವುಗಳನ್ನು ಕೈಯಲ್ಲಿ ಮುಟ್ಟುವುದಿಲ್ಲ, ಚಿಮಟದಲ್ಲೇ ಎತ್ತುತ್ತಾನೆ, ಬೆರಳಿನ ಜಿಡ್ಡೂ ತೂಗುತ್ತದಂತೆ. ಕೆಲಸದಲ್ಲಿ ಅದು ಒಳ್ಳೆಯ ಗುಣವೇ. ತೊಂದರೆಯೇನೆಂದರೆ ಅವನು ಮನೆಗೆ ಬಂದಮೇಲೂ ಚಿಮಟ ಕೆಳಗಿಡುವುದಿಲ್ಲ. ಅತ್ತಿಗೆ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸುತ್ತಾನೆ. ನಮ್ಮ ಮನೆಗೆ ಬಂದರೆ ನಮಸ್ಕಾರಕ್ಕಿಂತ ಮೊದಲು ಗೋಡೆಯ ಫೋಟೋ ನೇರ ಮಾಡುತ್ತಾನೆ.

ಇದರ ಪೂರ್ತಿ ಏಟು ತಿಂದವಳು ಅವನ ಮಗಳು. ಹಸಿರು ಸೂರ್ಯನ ಚಿತ್ರ ಬರೆದರೆ ಅಳಿಸಿ ಹಳದಿ ಹಚ್ಚಿಸಿದ. ಓಟದಲ್ಲಿ ಮೊದಲು ಬಂದು ಮೆಡಲ್ ತೋರಿಸಿದರೆ, ಕೊನೆಯ ತಿರುವಿನಲ್ಲಿ ಹೊರಗೆ ಹೋದೆ ನೋಡು ಅಂದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಬರೀ ಸರಿ ಮಾಡುತ್ತಿದ್ದ. ಅವಳು ದೊಡ್ಡವಳಾಗಿ, ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಹಿಡಿದು, ಬೇರೆ ಕಡೆ ಹೋದಮೇಲೆ ಅಪ್ಪ-ಮಗಳ ಮಾತು ಊಟ ಆಯ್ತಾ, ಆಯ್ತು ಎಂಬಲ್ಲಿಗೆ ಬಂದು ನಿಂತಿತು.

ಅವಳು ಮಾಡಿದ್ದರಲ್ಲಿ ಅಪ್ಪನ ಕೈ ಸೋಕದೆ ಉಳಿದದ್ದು ಒಂದೇ ಒಂದು, ಒಂದು ಫೈರ್ ಇಂಜಿನ್. ಆಡುವ ಗಾಡಿಯಲ್ಲ, ಮಾಡೆಲ್ ಕಿಟ್. ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ಭಾಗ ಮುರಿದುಕೊಂಡು ಅಂಟಿನಲ್ಲಿ ಜೋಡಿಸುವಂಥದ್ದು. ಅವಳಿಗೆ ಏಳು ವರ್ಷವಿದ್ದಾಗ ಅಣ್ಣ ಅದನ್ನು ತಂದು, ಇಬ್ಬರೂ ಸೇರಿ ಮಾಡೋಣ ಎಂದು ಮೇಜಿನ ಮೇಲೆ ಹರಡಿದ. ಅಷ್ಟರಲ್ಲಿ ಯಾವುದೋ ಗೋದಾಮಿನಿಂದ ಕರೆ ಬಂದು ಎದ್ದುಹೋದ. ಅವನು ವಾಪಸ್ ಬರುವಷ್ಟರಲ್ಲಿ ಮಗಳು ಒಬ್ಬಳೇ ಎಲ್ಲವನ್ನೂ ಅಂಟಿಸಿ ಮುಗಿಸಿದ್ದಳು. ಏಣಿ ತಲೆಕೆಳಗು, ಕೊಕ್ಕೆಗಳೆಲ್ಲ ಆಕಾಶ ನೋಡುತ್ತಿದ್ದವು. ಮುಂದಿನ ಗಾಜಿನ ಮೇಲೆ ಅಂಟು ಮೆತ್ತಿದ ಹೆಬ್ಬೆರಳಿನ ಗುರುತು, ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ನಾನು ಅಲ್ಲೇ ಇದ್ದೆ. ಇನ್ನೇನು ಶುರುವಾಯಿತು ಎಂದು ಹಲ್ಲು ಕಚ್ಚಿಕೊಂಡೆ. ಅಣ್ಣ ಅದನ್ನು ಎತ್ತಿ, ತಿರುಗಿಸಿ ನೋಡಿ, "ಚೆನ್ನಾಗಿದೆ" ಅಂದು ಟಿವಿಯ ಪಕ್ಕ ಇಟ್ಟ. ಅವತ್ತು ಅವನಿಗೆ ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಮೊನ್ನೆ ಮಗಳು ಸ್ವಂತಕ್ಕೊಂದು ಮನೆ ಮಾಡಿಕೊಂಡಳು. ಫೋನಿನಲ್ಲಿ ಅತ್ತಿಗೆ, ಪಾತ್ರೆ ಬೇಕಾ, ಮಂಚ ಬೇಕಾ ಎಂದು ಕೇಳಿದ್ದಕ್ಕೆ, ಏನೂ ಬೇಡ, ಬಂದಾಗ ಆ ಫೈರ್ ಇಂಜಿನ್ ಮಾತ್ರ ತಗೊಂಡು ಹೋಗ್ತೀನಿ ಅಂದಳಂತೆ. ಅತ್ತಿಗೆ ಫೋನಿಟ್ಟು ಗಂಡನ ಮುಖ ನೋಡಿದರು. ಫೈರ್ ಇಂಜಿನ್ ಮನೆಯಲ್ಲಿರಲಿಲ್ಲ.

ಅದು ಹೋದದ್ದೂ ಅಣ್ಣನ ಸರಿಮಾಡುವ ಚಟದಿಂದಲೇ. ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅತ್ತಿಗೆ ಗುಜರಿಗೆ ಕೊಡುವ ಡಬ್ಬಿಗಳನ್ನು ಬಾಗಿಲ ಎಡಕ್ಕೆ, ಇಟ್ಟುಕೊಳ್ಳುವುದನ್ನು ಬಲಕ್ಕೆ ಜೋಡಿಸಿ ಅಡುಗೆಮನೆಗೆ ಹೋದರು. ಅಣ್ಣ ಬಂದು ನೋಡಿದ. ಭಾರದ ಡಬ್ಬಿಯೂ ಹಗುರದ್ದೂ ಕಲಸಿಹೋಗಿವೆ, ಇದೆಂಥ ಜೋಡಣೆ ಎಂದು ಹಗುರದ್ದನ್ನೆಲ್ಲ ಎಡಕ್ಕೆ, ಭಾರದ್ದನ್ನೆಲ್ಲ ಬಲಕ್ಕೆ ಸರಿಸಿದ. ಫೈರ್ ಇಂಜಿನ್ ಇಟ್ಟಿದ್ದ ಡಬ್ಬಿ ಎಷ್ಟು ಭಾರ ಇರುತ್ತದೆ? ಗುಜರಿಯವನು ಬಂದು ಎಡಗಡೆಯದ್ದನ್ನು ಹೊತ್ತುಕೊಂಡು ಹೋದ.

ಹಾಗೆ ಶುರುವಾಯಿತು ನಮ್ಮ ಅಲೆದಾಟ. ಅದೇ ಕಿಟ್ ಇನ್ನೊಂದು ತಂದು, ಏಣಿ ತಲೆಕೆಳಗೆ ಅಂಟಿಸಿ ಮಗಳಿಗೆ ಕೊಡುವುದು ಅಣ್ಣನ ಯೋಜನೆ. ಹೆಬ್ಬೆರಳಿಗೇನು ಮಾಡ್ತೀಯ ಎಂದು ಕೇಳಿದೆ. ಅವನು ತನ್ನ ದಪ್ಪ ಹೆಬ್ಬೆರಳನ್ನು ನೋಡಿಕೊಂಡ.

ಮೊದಲ ಅಂಗಡಿಯ ಬೋರ್ಡಿನಲ್ಲಿ ಮಾತ್ರ ಹಾಬಿ, ಒಳಗೆಲ್ಲ ಗೊಂಬೆ ಮತ್ತು ಬಲೂನು. ಅಲ್ಲಿಯ ಹೆಂಗಸು, ಸೈರನ್ ಕೂಗುವ ರಿಮೋಟ್ ಗಾಡಿ ತೋರಿಸಿ, ಇದನ್ನೇ ಒಯ್ಯಿರಿ, ಜೋಡಿಸುವ ತಲೆನೋವೇ ಇಲ್ಲ ಅಂದಳು. ಎರಡನೆಯದು ಮಹಡಿಯ ಮೇಲೆ. ಯಾವ ಕಂಪನಿ, ಯಾವ ವರ್ಷ, ಯಾವ ಅಳತೆ ಎಂದು ಮಾಲೀಕ ನಮ್ಮನ್ನು ಪರೀಕ್ಷೆಗೆ ಕೂರಿಸಿದ. ಆದರೂ ಹುಡುಕಿ ನೋಡಲು ಎದ್ದಿದ್ದ. ಅಷ್ಟರಲ್ಲಿ ಅಣ್ಣ, ನಿಮ್ಮ ಕಪಾಟು ಎಡಕ್ಕೆ ವಾಲಿದೆ ಅಂದ. ಅದೂ ಒಂದು ಸಲವಲ್ಲ, ಮೂರು ಸಲ. ಮಾಲೀಕ ಮತ್ತೆ ಕೂತುಬಿಟ್ಟ. ಇಲ್ಲ, ಸ್ಟಾಕ್ ಇಲ್ಲ. ಮೆಟ್ಟಿಲಿಳಿಯುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಪಾಟು ನಿಜವಾಗಿಯೂ ವಾಲಿತ್ತು ಎಂದು ಅಣ್ಣ ಸಮರ್ಥನೆಗೆ ಬೇರೆ ನಿಂತ.

ಮೂರನೆಯ ಅಂಗಡಿ ನೆಲಮಾಳಿಗೆಯಲ್ಲಿ. ಅಂಟು, ಬಣ್ಣ, ಥಿನ್ನರಿನ ವಾಸನೆ. ಗಲ್ಲಾದ ಹತ್ತಿರ ಏಳೆಂಟು ಜನ ಏನನ್ನೋ ನೋಡಿ ನಗುತ್ತಿದ್ದರು. ಹತ್ತಿರ ಹೋದರೆ ನಮ್ಮ ಫೈರ್ ಇಂಜಿನ್! ಅದೇ ಏಣಿ, ಅದೇ ಹೆಬ್ಬೆರಳು. ಕೆಳಗೊಂದು ರಟ್ಟಿನ ಮೇಲೆ, "ಹೀಗೆ ಅಂಟಿಸಬಾರದು" ಎಂದು ಬರೆದಿತ್ತು. ಹಳೆ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದಂತೆ. ಹೊಸದಾಗಿ ಕಲಿಯುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಎಂದು ಅಂಗಡಿಯವನು ಖುಷಿಯಿಂದ ಹೇಳುತ್ತಿದ್ದ.

ಅಣ್ಣನ ಕಿವಿ ಕೆಂಪಾಯಿತು. ಅದು ನಮ್ಮದು, ವಾಪಸ್ ಬೇಕು ಅಂದ. ಯಾರು ಸಾರ್ ಇದನ್ನ ಮಾಡಿದ್ದು ಎಂದು ಒಬ್ಬ ನಗುತ್ತಲೇ ಕೇಳಿದ. ಮಗಳು ಅನ್ನುತ್ತಾನೆ ಎಂದು ನಾನು ಕಾದೆ.

"ನಾನೇ ಅಂಟಿಸಿದ್ದು" ಅಂದ ಅಣ್ಣ.

ಜನ ಅವನ ಬಿಳಿ ಕೂದಲನ್ನೂ ಏಣಿಯನ್ನೂ ಒಮ್ಮೆ ನೋಡಿ ಇನ್ನಷ್ಟು ನಕ್ಕರು. ತೂಕದ ಕಲ್ಲನ್ನು ಬೆರಳಲ್ಲಿ ಮುಟ್ಟದ ಮನುಷ್ಯ ಅವರ ನಡುವೆ ತಲೆ ತಗ್ಗಿಸಿ ನಿಂತಿದ್ದ. ಅಂಗಡಿಯವನಿಗೆ ಮಾತ್ರ ಪಾಪ ಅನ್ನಿಸಿತು. ದುಡ್ಡು ಬೇಡ, ಇದೇ ಕಿಟ್ಟಿನ ಸೀಲ್ ಒಡೆಯದ ಡಬ್ಬಿಗಾಗಿ ಒಬ್ಬ ಗಿರಾಕಿ ವರ್ಷಗಳಿಂದ ಕಾಯುತ್ತಿದ್ದಾರೆ, ಅದನ್ನು ತಂದುಕೊಡಿ, ಇದನ್ನು ಒಯ್ಯಿರಿ ಅಂದ.

ಆ ಡಬ್ಬಿಗಾಗಿ ಮತ್ತೆ ಅಲೆದೆವು. ಕೊನೆಗೆ ಅದು ಸಿಕ್ಕಿದ್ದು ಹಳೆಯ ವಿಡಿಯೋ ಗೇಮುಗಳನ್ನು ಮಾರುವ ಒಂದು ಗೂಡಿನಂಥ ಅಂಗಡಿಯಲ್ಲಿ. ಅಲ್ಲಿಯ ಗಡ್ಡದವನಿಗೂ ದುಡ್ಡು ಬೇಡ! ಈ ಜನರಿಗೆಲ್ಲ ಹೊಟ್ಟೆ ಹೇಗೆ ತುಂಬುತ್ತದೋ. ಟಿವಿಗೆ ಸಿಕ್ಕಿಸಿ ಆಡುವ ಹಳೆಯ ಗೇಮ್ ಸೆಟ್ಟು, ಕ್ಯಾಸೆಟ್ಟುಗಳ ಸಮೇತ ಯಾರ ಹತ್ತಿರವಾದರೂ ಇದ್ದರೆ ಬದಲಿಗೆ ಕೊಡುತ್ತೇನೆ ಅಂದ. ಅಣ್ಣ ನನ್ನ ಕಡೆ ತಿರುಗಲೂ ಇಲ್ಲ, ಬಾಯಿ ಬಿಟ್ಟು ಕೇಳಲೂ ಇಲ್ಲ. ನನ್ನ ಅಟ್ಟದ ಮೇಲೆ ಅಂಥದ್ದೊಂದು ಇದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಚಿಕ್ಕವಳಿದ್ದಾಗ ನಾನು ಅದರಲ್ಲಿ ಬೀದಿಯ ಮಕ್ಕಳನ್ನೆಲ್ಲ ಸೋಲಿಸಿದವಳು. ಬಟನ್ನು ಹೀಗಲ್ಲ ಹಾಗೆ ಒತ್ತು ಎಂದು ಹಿಂದೆ ನಿಂತು ಹೇಳುತ್ತಿದ್ದ ಇದೇ ಅಣ್ಣನನ್ನೂ ಸೋಲಿಸಿದ್ದೆ. ಬೈದುಕೊಂಡೇ ಅಟ್ಟ ಹತ್ತಿದೆ. ಕೊಡುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ, ಮುಚ್ಚಿಡುವುದೇನು.

ಸೀಲ್ ಒಡೆಯದ ಡಬ್ಬಿ ಹಿಡಿದು ನೆಲಮಾಳಿಗೆಗೆ ಓಡಿದೆವು. ಕಾಯುತ್ತಿದ್ದ ಗಿರಾಕಿಗೆ ಅಂಗಡಿಯವನು ಮೊದಲೇ ಫೋನ್ ಮಾಡಿ ಕರೆಸಿಕೊಂಡಿದ್ದ. ಆ ಮಹಾಶಯ ಡಬ್ಬಿಯನ್ನು ಎದೆಗವಚಿಕೊಂಡು ದುಡ್ಡು ಕೊಟ್ಟು, ಯಾರಾದರೂ ಕಸಿದುಕೊಂಡಾರು ಎಂಬಂತೆ ಹೊರಟೇಹೋದ. ಆಮೇಲೆ ಅಂಗಡಿಯವನು ಒಳಗಿನಿಂದ, ಬಟ್ಟೆ ಮುಚ್ಚಿದ ಫೈರ್ ಇಂಜಿನ್ ತಂದು ಗಲ್ಲಾದ ಮೇಲಿಟ್ಟು ಬಟ್ಟೆ ಎಳೆದ.

ಏಣಿ ನೆಟ್ಟಗಿತ್ತು. ಗಾಜು ಫಳಫಳ ಹೊಳೆಯುತ್ತಿತ್ತು. ಹೆಬ್ಬೆರಳಿನ ಗುರುತು ಇರಲಿಲ್ಲ.

"ಅವತ್ತು ಎಲ್ಲರೂ ನಕ್ಕಿದ್ದು ನೋಡಿ ನಂಗೇ ಬೇಜಾರಾಯ್ತು ಸಾರ್. ಎಲ್ಲಾ ಬಿಚ್ಚಿ ಸರಿ ಮಾಡಿದೀನಿ. ಇನ್ನು ಯಾರೂ ನಗಲ್ಲ" ಅಂದ.

ನನಗೆ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಕೂಗಾಡುವುದು? ಪಾಪದವನು ಪ್ರೀತಿಯಿಂದ ಮಾಡಿದ್ದ. ಅಣ್ಣ ಬಹಳ ಹೊತ್ತು ಆ ಗಾಜನ್ನೇ ನೋಡಿದ. ಆಮೇಲೆ, ತುಂಬಾ ಶ್ರಮ ತಗೊಂಡಿದ್ದೀರಿ ಅಂದು ಎತ್ತಿಕೊಂಡ. ದಾರಿಯುದ್ದಕ್ಕೂ ನನ್ನ ಗೇರಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಮಗಳು ಬಂದ ದಿನ ನಾನೂ ಅಲ್ಲಿದ್ದೆ. ಚಪ್ಪಲಿ ಬಿಟ್ಟು ನೇರ ಟಿವಿಯ ಹತ್ತಿರ ಹೋದಳು. ಎತ್ತಿಕೊಂಡಳು. ಎಕ್ಸ್-ರೇ ಫಿಲ್ಮ್ ಹಿಡಿಯುವಂತೆ ಕಿಟಕಿಯ ಬೆಳಕಿಗೆ ಗಾಜು ಹಿಡಿದಳು. ಏಣಿಯ ಕೊಕ್ಕೆ ಮುಟ್ಟಿದಳು.

"ಕೊನೆಗೂ ಇದನ್ನೂ ಸರಿ ಮಾಡ್ಬಿಟ್ರಾ ಅಪ್ಪ?"

ಅವಳ ದನಿಯಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೈ ಎತ್ತಿ ನನ್ನನ್ನು ತಡೆದ.

"ನಾನು ಸರಿ ಮಾಡಿಲ್ಲಮ್ಮ. ಕಳೆದುಹಾಕ್ದೆ. ಹುಡುಕಿ ತರೋಷ್ಟರಲ್ಲಿ ಬೇರೆಯವರು ಸರಿ ಮಾಡಿಬಿಟ್ಟಿದ್ರು."

ಡಬ್ಬಿ ಸರಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ, ಒಂದು ಕಡೆಯೂ ತನ್ನ ತಪ್ಪನ್ನು ಹಗುರ ಮಾಡಿಕೊಳ್ಳಲಿಲ್ಲ. ನೆಲಮಾಳಿಗೆಯ ಅಂಗಡಿಯ ಮಾತು ಬಂದಾಗ ಮಗಳು ತಲೆ ಎತ್ತಿದಳು.

"ನೀವೇ ಅಂಟಿಸಿದ್ದು ಅಂದ್ರಾ? ಎಲ್ಲರ ಮುಂದೆ?"

"ಹೂಂ."

"ನಗ್ಲಿಲ್ವಾ ಜನ?"

"ನಕ್ರು."

ಅವಳು ಊಟ ಮಾಡಿದಳು, ಅತ್ತಿಗೆ ಕಟ್ಟಿಕೊಟ್ಟ ಪಾತ್ರೆಗಳನ್ನು ಬೇಡವೆನ್ನದೆ ತಗೊಂಡಳು. ಫೈರ್ ಇಂಜಿನನ್ನು ಮಾತ್ರ ಟಿವಿಯ ಪಕ್ಕದಲ್ಲೇ ಬಿಟ್ಟಳು. ಅಣ್ಣ ಅದನ್ನು ನೋಡಿಯೂ ನೋಡದವನಂತೆ ನಿಂತಿದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅವಳು ಹೇಳಿದಳು:

"ಇನ್ನೊಂದು ಕಿಟ್ ಸಿಕ್ಕಿದ್ರೆ ಫೋನ್ ಮಾಡಿ. ಬಂದು ನಾನೇ ಅಂಟಿಸ್ತೀನಿ. ನೀವು ಪಕ್ಕದಲ್ಲಿ ಕೂತಿರಬೇಕು. ಬಾಯಿ ಮುಚ್ಕೊಂಡು."

ಹಾಗಾಗಿ ನಮ್ಮ ಅಲೆದಾಟ ಮುಗಿದಿಲ್ಲ. ಹೋದ ಭಾನುವಾರ ಊರಾಚೆಯ ಯಾವುದೋ ಹಾಬಿ ಅಂಗಡಿಗೆ ಹೋದೆವು. ಗಲ್ಲಿ ಕಿರಿದು. ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ, ಎಡ ಬದಿ ಕಂಬಕ್ಕೆ ಉಜ್ಜಿ ಕರ್ರೆಂದು ಸದ್ದಾಯಿತು. ಇಳಿದು ನೋಡಿದರೆ ಬಾಗಿಲಿನುದ್ದಕ್ಕೂ ಗೀರು. ಅಣ್ಣ ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು, ತುಟಿ ಬಿಗಿಹಿಡಿದು ಕೂತಿದ್ದ.

"ಕಂಬ ನಿನ್ನ ಕಡೇನೇ ಇತ್ತಲ್ಲೋ ಮಾರಾಯ, ಕಾಣಿಸ್ಲಿಲ್ವಾ?" ಅಂದೆ.

"ಕಾಣಿಸ್ತು. ಅಭ್ಯಾಸ ಮಾಡ್ತಾ ಇದ್ದೆ" ಅಂದ.