ಮೇದಪ್ಪ ಬರೆದಿಟ್ಟ ಎಂಟು ನಿಮಿಷ

ಜಾಲ್ಸೂರಿನ ಮೇದಪ್ಪ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ವಯರ್‌ಲೆಸ್ ಸೆಟ್ಟಿನ ಮುಂದೆ ಕೂತು, ಹವಾಲ್ದಾರನಾಗಿ ನಿವೃತ್ತನಾದವನು. ಈಗ ಸುಳ್ಯದ ಒಂದು ಕಾಲೇಜಿನಲ್ಲಿ ಸೆಕ್ಯುರಿಟಿ ಮೇಲ್ವಿಚಾರಕ. ಅಲ್ಲಿ ಕುರ್ಚಿ ಕೊಟ್ಟಿದ್ದಾರೆ, ಕೂರುವುದಿಲ್ಲ. ಮನೆಯಲ್ಲೂ ಊಟದ ನಡುವೆ ಎದ್ದು ಅಂಗಳಕ್ಕೆ ಹೋಗಿಬರುತ್ತಾನೆ.

“ಎಂತ ಮಾರಾಯ್ರೆ, ಹೊರಗೆ ಯಾರುಂಟು?” ಎಂದು ಹೆಂಡತಿ ಸೀತು ಕೇಳುತ್ತಾಳೆ.

“ಯಾರೂ ಇಲ್ಲ.”

ಹನ್ನೊಂದು ವರ್ಷಗಳ ಹಿಂದೆ ಅವನು ಆಫ್ರಿಕಾದ ಒಂದು ದೇಶದಲ್ಲಿ ಶಾಂತಿಪಾಲನಾ ಪಡೆಯಲ್ಲಿದ್ದ. ಗಲಭೆ ಎದ್ದರೆ ಬೇಗ ತಲುಪಲಿ ಎಂದು ಅವನ ತುಕಡಿಯನ್ನು ಮುಖ್ಯ ಶಿಬಿರದಿಂದ ತೊಂಬತ್ತು ಕಿಲೋಮೀಟರ್ ಮುಂದೆ, ಒಂದು ಹಳ್ಳಿಯ ಮಗ್ಗುಲಲ್ಲಿ ಇರಿಸಿದ್ದರು. ಅರವತ್ತು ಸೈನಿಕರು, ಮುಳ್ಳುತಂತಿಯ ಬೇಲಿ, ಒಂದು ಗೇಟು. ಮುಖ್ಯಸ್ಥ ಒಬ್ಬ ಮೇಜರ್. ಆದರೆ ಆ ಗೇಟು ತೆರೆಯಬೇಕಾದರೂ ಮುಖ್ಯ ಶಿಬಿರದ ಅಪ್ಪಣೆ ಬೇಕು. ಆ ಶಿಬಿರದವರು ತಮ್ಮ ಮೇಲಿನವರನ್ನು ಕೇಳಬೇಕು.

ಒಂದು ಮಧ್ಯಾಹ್ನ ಬಂದೂಕು ಹಿಡಿದವರು ಹಳ್ಳಿಗೆ ನುಗ್ಗಿದರು. ಮುನ್ನೂರರಷ್ಟು ಜನ, ಮಕ್ಕಳನ್ನು ಎತ್ತಿಕೊಂಡು ಓಡಿಬಂದು ಗೇಟನ್ನು ಬಡಿಯತೊಡಗಿದರು. ಮೇದಪ್ಪ ಸೆಟ್ಟಿನಲ್ಲಿ ವಿಷಯ ತಿಳಿಸಿದ. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಉತ್ತರ ಬಂತು: ಅನುಮತಿ ಬರುವ ತನಕ ತೆರೆಯಬೇಡಿ.

“ಇನ್ನೊಮ್ಮೆ ಕೇಳು,” ಎಂದರು ಮೇಜರ್.

ಮತ್ತೆ ಅದೇ ಉತ್ತರ. ಮೇಜರ್ ಡೇರೆಯೊಳಗೆ ಅತ್ತಿಂದಿತ್ತ ನಡೆದರು. ನಾಲ್ಕು ಹತ್ತಕ್ಕೆ ಹೊರಗೆ ಹೋಗಿ ತಾವೇ ಗೇಟು ತೆರೆದರು. ಅನುಮತಿ ಬಂದದ್ದು ನಾಲ್ಕೂಮುಕ್ಕಾಲಿಗೆ.

ಎಲ್ಲವನ್ನೂ ಮೇದಪ್ಪ ಸಮಯದ ಸಮೇತ ಲಾಗ್ ಪುಸ್ತಕದಲ್ಲಿ ಬರೆದಿದ್ದ. ವಿಚಾರಣೆಯಲ್ಲಿ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ, ಬೇಡವೆಂಬ ಆಜ್ಞೆ ಬಂದದ್ದು ಗೇಟು ತೆರೆಯುವ ಮೊದಲೋ ಆಮೇಲೋ ಎಂದು. “ಮೊದಲು, ಸರ್,” ಎಂದ. ಆಜ್ಞೆ ಮೀರಿದರೆಂಬ ಮಾತು ಮೇಜರರ ಕಡತಕ್ಕೆ ಸೇರಿತು.

ಕಳೆದ ವರ್ಷ ಹಳೆಯ ಜೊತೆಗಾರನೊಬ್ಬ ಫೋನಿನಲ್ಲಿ, ಮೇಜರ್ ಸಾಹೇಬರು ಕರ್ನಲ್ ಆಗದೆಯೇ ನಿವೃತ್ತರಾದರು ಎಂದ. ಅಲ್ಲಿಂದ ಮೇದಪ್ಪನ ಚಡಪಡಿಕೆ ಮಿತಿಮೀರಿತು. ಬಸ್ಸು ಹತ್ತಿ ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದು ಬರುತ್ತಿದ್ದ.

“ಸೆಟ್ ಸರಿ ಕೇಳ್ತಾ ಇರ್ಲಿಲ್ಲ ಅಂತ ಒಂದು ಮಾತು ಬರ್ದಿದ್ರೆ ಸಾಕಿತ್ತು,” ಎಂದ ಒಂದು ಸಂಜೆ.

“ಸುಳ್ಳು ಬರೀಬೇಕಿತ್ತಾ?”

“ಗೊತ್ತಿಲ್ಲ ಸೀತು.”

“ನನ್ನತ್ರ ಹೇಳಿ ಎಂತ ಪ್ರಯೋಜನ? ಅವರಿಗೇ ಒಂದು ಫೋನ್ ಮಾಡಿ ಮಾರಾಯ್ರೆ.”

ನಂಬರು ಸಿಕ್ಕಿದ ಮೇಲೂ ಹದಿನೈದು ದಿನ ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ಕೊನೆಗೂ ಮಾಡಿದ. ಮೇಜರ್ ದನಿಯಲ್ಲೇ ಗುರುತು ಹಿಡಿದರು. ಮೇದಪ್ಪ ತಡವರಿಸುತ್ತಾ ಹಿಂದಿಯಲ್ಲಿ ಎಲ್ಲ ಹೇಳಿ, ಕ್ಷಮಿಸಿ ಸರ್ ಎಂದ.

ಕ್ಷಮೆಯ ಮಾತನ್ನು ಮೇಜರ್ ಅಲ್ಲಿಗೇ ತಡೆದರು.

“ಮೇದಪ್ಪ, ಆ ಎಂಟು ನಿಮಿಷದಲ್ಲಿ ಗೇಟಿನ ಹೊರಗೆ ಇಬ್ಬರು ಹೆಂಗಸರು ಸತ್ತರು. ನೀನು ಡೇರೆಯಲ್ಲಿದ್ದೆ, ನೋಡಿಲ್ಲ. ನಾನು ನಿನ್ನಿಂದ ಎರಡನೇ ಸಲ ಕೇಳಿಸಬಾರದಿತ್ತು. ಮೊದಲೇ ತೆರೆಯಬೇಕಿತ್ತು. ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಬಡ್ತಿ ಹೋದದ್ದಕ್ಕೆ ನನಗೆ ಬೇಸರವಿಲ್ಲ.”

“ಮುನ್ನೂರು ಜನ ಒಳಗೆ ಬಂದರಲ್ಲ ಸರ್,” ಎಂದ ಮೇದಪ್ಪ.

“ಹೌದು. ಅದನ್ನೂ ನೆನಪಿಸುವವರು ಯಾರೂ ಇರಲಿಲ್ಲ,” ಎಂದರು ಮೇಜರ್.

ಈಗ ಪ್ರತಿ ಭಾನುವಾರ ಇಬ್ಬರೂ ಮಾತಾಡುತ್ತಾರೆ, ಮೊಣಕಾಲು ನೋವು, ಮಳೆ, ಮಕ್ಕಳ ವಿಷಯ. ಕೆಲವು ವಾರ ಆ ಮಧ್ಯಾಹ್ನದ ಮಾತೂ ಬರುತ್ತದೆ. ಡಿಸೆಂಬರಿನಲ್ಲಿ ಸಾಹೇಬರು ಪುತ್ತೂರಿನ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಇವರ ಮನೆಗೆ ಬರುತ್ತಾರಂತೆ. ಅವರಿಗೆ ನೀರ್‌ದೋಸೆ ಸೇರುತ್ತದೋ ಇಲ್ಲವೋ ಎಂದು ಸೀತುವಿಗೆ ಈಗಲೇ ಯೋಚನೆ.